ಪಕ್ಕದ ಮನೆಯ ಕಡ

ಐದರ ಬಸ್ಸು ಹೋದಮೇಲೆ ಉಳಿಯುವವರು ಹನ್ನೊಂದು ಮಂದಿ.
ಏಳು ಜನ ಆರೂವರೆಯ ಹುಮನಾಬಾದ್ ಗಾಡಿಗೆ,
ತಾಂಡಾದ ನಾಲ್ವರು ನಡೆದೇ.
ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ
ಕೆಂಪು ಪೆನ್ಸಿಲ್ಲಿನ ಸಣ್ಣ ಚುಕ್ಕೆ.
ಹೆಡ್‌ಮೇಡಂ ಇಟ್ಟದ್ದು, ಬೀದರಿನ ಮೀಟಿಂಗು ಮುಗಿಸಿ
ಚಿಟಗುಪ್ಪಕ್ಕೆ ಬಂದಿಳಿದ ಸಂಜೆ, ಚಹಾ ಕೂಡ ಮುಟ್ಟದೆ.
"ಮೂವತ್ತೈದು ಬಂದ್ರ ಸಾಕು, ಶೋಭಾವತಿ."

ಹತ್ತು ಖಚಿತ ಪ್ರಶ್ನೆ, ಒಂದು ನಕ್ಷೆ, ಎರಡು ಪ್ರಮೇಯ.
ವೈಜಿನಾಥ ಪೈಥಾಗೊರಸನನ್ನು
ಮಂಗಳಾರತಿಯ ಹಾಗೆ ಒಪ್ಪಿಸುತ್ತಾನೆ, ಎಲ್ಲೂ ತಡವರಿಸದೆ.
ನಡುವೆ ನಿಲ್ಲಿಸಿ "ಯಾಕೆ?" ಅಂದರೆ
ಮತ್ತೆ ಮೊದಲಿನಿಂದ.

"ತಿಳೀತೇನು?"
"ತಿಳೀತ್ರಿ."
ಈ ತಿಳೀತ್ರಿ ಒಳಗಿನಿಂದ ಅಗಳಿ ಹಾಕಿದ ಬಾಗಿಲು.
ಇಪ್ಪತ್ತೊಂದು ವರ್ಷ ಅದನ್ನು ತೆರೆದದ್ದೆಂದುಕೊಂಡು
ಮುಂದಿನ ಪಾಠಕ್ಕೆ ಹೋದವಳು ನಾನು.

ಕಿಟಕಿಯ ಕಟ್ಟೆಗೆ ಇನ್ನೂರು ಪುಟದ ನೋಟುಬುಕ್ಕು ಇಟ್ಟೆ.
ರಟ್ಟಿನ ಮೇಲೆ ಬರೆದೆ: ತಿಳಿಯದ್ದು.
ಹೆಸರು ಬೇಡ. ಅಕ್ಷರ ಯಾರದೆಂದು ನೋಡುವುದಿಲ್ಲ, ಆಣೆ.
ಮೊದಲ ವಾರ ಖಾಲಿ.
ಎರಡನೆಯ ವಾರ ಯಾರೋ ಒಂದು ಗುಬ್ಬಿ ಬಿಡಿಸಿದ್ದರು, ಚೆನ್ನಾಗಿತ್ತು.
ಮೂರನೆಯ ಸೋಮವಾರ, ಪೆನ್ಸಿಲ್ಲಿನಲ್ಲಿ, ಅಳಿಸಿ ಅಳಿಸಿ ಬರೆದದ್ದು:

"ಟೀಚರ್, ಎರಡರಾಗ ಏಳು ಹೋಗಲ್ಲ ಅಂತ
ಪಕ್ಕದ ಮನಿಯಿಂದ ಕಡಾ ತರ್ತೀವಿ.
ಆ ಕಡಾ ತಿರುಗಿ ಕೊಡೋದು ಯಾವಾಗ?"

ನಿಂತು ಓದಿದೆ. ಕೂತು ಓದಿದೆ.
ಮೂರನೇ ಇಯತ್ತೆಯಿಂದ ಹತ್ತನೆಯದರ ತನಕ
ಈ ಮಗು ಆ ಕಡ ಹೊತ್ತುಕೊಂಡೇ ನಡೆದಿದೆ,
ಭಿನ್ನರಾಶಿ, ಬಡ್ಡಿ, ಬೀಜಗಣಿತ ಎಲ್ಲ ದಾಟಿ.
ಕಳೆಯುವ ಪ್ರತಿ ಲೆಕ್ಕದ ಕೊನೆಗೆ
ಯಾರಿಗೂ ಕಾಣದಂತೆ ಹತ್ತರ ಮನೆಗೆ ಹೋಗಿ
ಇಸಿದುಕೊಂಡ ಒಂದನ್ನು ಇಟ್ಟು ಬಂದಿದೆ.
ಅದರ ಮೇಲೆ ಅಡ್ಡಗೀಟು ಎಳೆದದ್ದು ಈ ಕೈ.
ನನಗೂ ಪಕ್ಕದ ಮನೆ ಎಂದೇ ಕಲಿಸಿದ್ದರು.
ನಾನು ಕೇಳಿರಲಿಲ್ಲ, ಅಷ್ಟೆ.

ಮರುದಿನ ಪ್ರಮೇಯ ಇಲ್ಲ.
ಪರ್ಸಿನಿಂದ ಐದು ಹತ್ತರ ನೋಟು, ಎರಡು ರೂಪಾಯಿ ಬಿಲ್ಲೆ.
"ಖೈರುನ್ನೀಸಾ, ನನಗ ಹದಿನೇಳು ಕೊಡು."
ಅವಳ ಬೆರಳು ಬಿಲ್ಲೆಗಳ ಮೇಲೆ ನಿಂತಿತು.
"ಚಿಲ್ಲರ ಸಾಲಲ್ರಿ."
"ಹಂಗಾರ ಯಾರ ಮನೀಗ ಹೋಗ್ತಿ?"
"ಯಾರ ಮನೀಗ್ಯಾಕ್ರಿ? ನನ್ನ ಹತ್ತು ನಾನೇ ಮುರಸ್ತೀನಿ."

ಕರೆಂಟು ಇರಲಿಲ್ಲ. ಫ್ಯಾನಿನ ಸದ್ದಿಲ್ಲದ ಕೋಣೆಯಲ್ಲಿ
ಹಿಂದಿನ ಬೆಂಚಿನಿಂದ ಒಂದು ಉದ್ದ ಉಸಿರು:
"ಅಂದ್ರ... ಅದು ಕಡಾ ಅಲ್ಲ."
ನಾನು ಹಲಗೆಯ ಕಡೆ ತಿರುಗಿಕೊಂಡೆ. ಆಣೆ ಆಣೆಯೇ.
ಮೇಜಿನ ಮೇಲೆ ಉಳಿದದ್ದು ಮೂವತ್ತೈದು.
ಯಾರೋ ನಕ್ಕರು.

ಆಮೇಲೆ ಪುಟ ಸಾಲಲಿಲ್ಲ.
"ಮೈನಸ್ಸಿಗೆ ಮೈನಸ್ ಪ್ಲಸ್ ಹೆಂಗ? ಎರಡು ಸಲ ಬೈದ್ರ ಹೊಗಳಿದಂಗೇನು?"
"ಶ್ರೇಢಿ ಅನ್ನೋ ಮಾತು ನಮ್ಮ ಮನ್ಯಾಗ ಇಲ್ಲ."
"ಸಂಜಿಗೆ ಹಸಿವಾಗ್ತದ, ಹಲಗಿ ಕಾಣಂಗಿಲ್ಲ."
ಇದನ್ನು ಹೆಡ್‌ಮೇಡಂ ಓದಿದರು, ಏನೂ ಅನ್ನಲಿಲ್ಲ.
ಮರುಸಂಜೆ ಮಾಣಿಕಪ್ಪ ಬೋಗುಣಿ ತಂದಿಟ್ಟ,
ಕುದಿಸಿದ ಶೇಂಗಾ, ಇನ್ನೂ ಹಬೆಯಾಡುತ್ತಿತ್ತು.
ಯಾವ ಖಾತೆಯಿಂದ ಎಂದು ಯಾರೂ ಕೇಳಲಿಲ್ಲ.

ಫಲಿತಾಂಶದಲ್ಲಿ ಒಂಬತ್ತು ಮಂದಿ ದಾಟಿದರು.
ಶಾಣೀಬಾಯಿ ಪರೀಕ್ಷೆಗೇ ಬರಲಿಲ್ಲ;
ತಾಂಡಾಕ್ಕೆ ಎರಡು ಸಲ ಹೋದೆ, ಬೀಗ.
ವೈಜಿನಾಥನಿಗೆ ಮೂವತ್ತೊಂದು.
ವರದಿಯಲ್ಲಿ "ಅನುಸರಿಸಿದ ವಿಶೇಷ ಕ್ರಮ" ಎಂಬ ಕಾಲಮ್ಮು.
"ಹತ್ತು ಮುರಿಸಿದೆವು" ಎಂದು ಬರೆದು,
ಹೊಡೆದುಹಾಕಿ,
"ಸಂಜೆ ತರಗತಿ" ಎಂದು ತಿದ್ದಿದೆ.

ಮೇ ತಿಂಗಳ ಮಧ್ಯಾಹ್ನ. ಬೀಗ ತೆರೆದು ಕೂತಿದ್ದೆ.
ವೈಜಿನಾಥ ಬಂದ, ಕಾಲಿಗೆಲ್ಲ ಕೆಂಪು ಮುರ್ರಂ ಧೂಳು.
ಸೀದಾ ಕಿಟಕಿಗೆ ಹೋಗಿ ಪುಸ್ತಕ ತೆರೆದ,
ಅಂಗಿಯ ಜೇಬು ತಡವಿ ನನ್ನ ಪೆನ್ನು ಕೇಳಿದ.
ಬಗ್ಗಿದವನು ಅರ್ಧಕ್ಕೆ ತಲೆಯೆತ್ತಿ,
"ಟೀಚರ್, ಈ ಸಲ ಹೆಸರು ಬರೀಲೇನ್ರಿ?"